ನೂಲು ಕೊಟ್ಟವರಿಗೆ ಮತ

ಪ್ರತಿ ಚುನಾವಣೆ ಮುಗಿದ ಮರುದಿನ ನಮ್ಮ ಹಾಸ್ಟೆಲಿನ ಊಟದ ಹಾಲಿನಲ್ಲಿ ಒಂದೇ ವಾದ ನಡೆಯುತ್ತದೆ. ಯಾರೋ ಒಬ್ಬರು ತಟ್ಟೆ ಹಿಡಿದು ಕೂರುತ್ತಲೇ ಶುರು ಮಾಡುತ್ತಾರೆ: 'ಊರಿಗೆ ಒಂದು ದಿನ ಕೆಲಸ ಮಾಡದವನಿಗೂ ಒಂದು ಓಟು, ಜೀವನಪೂರ್ತಿ ದುಡಿದವನಿಗೂ ಒಂದೇ ಓಟು. ಇದ್ಯಾವ ನ್ಯಾಯ? ಎರಡು ವರ್ಷ ಏನಾದರೂ ಸೇವೆ ಮಾಡಿ ಬಾ, ಆಮೇಲೆ ಓಟು ತಗೊ ಅನ್ನಬೇಕು.' ಕಳೆದ ಸಲ ಹೀಗೆಂದ ಗೆಳೆಯ ಆಗಷ್ಟೇ ರಾಬರ್ಟ್ ಹೈನ್‌ಲೈನ್ 1959ರಲ್ಲಿ ಬರೆದ 'ಸ್ಟಾರ್‌ಶಿಪ್ ಟ್ರೂಪರ್ಸ್' ಎಂಬ ವೈಜ್ಞಾನಿಕ ಕಾದಂಬರಿಯನ್ನು ಓದಿ ಮುಗಿಸಿದ್ದ. ಆ ಕಾದಂಬರಿಯ ಲೋಕದಲ್ಲಿ ತಾವಾಗಿ ಮುಂದೆ ಬಂದು ಸರ್ಕಾರದ ಸೇವೆ ಮುಗಿಸಿದವರಿಗೆ ಮಾತ್ರ ಮತ. ಉಳಿದವರು ದುಡಿಯಬಹುದು, ಗಳಿಸಬಹುದು, ಆದರೆ ಮತ ಹಾಕುವಂತಿಲ್ಲ. ಮೇಜಿನ ಸುತ್ತ ಇದ್ದವರಲ್ಲಿ ಹೆಚ್ಚಿನವರು ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ನನಗೂ ಆ ಕ್ಷಣ ಅದು ಅಸಂಬದ್ಧ ಅನ್ನಿಸಲಿಲ್ಲ. ಹಣವಿದ್ದವನಿಗೆ ಮತ ಎನ್ನುವುದಕ್ಕಿಂತ, ಓದಿದವನಿಗೆ ಮತ ಎನ್ನುವುದಕ್ಕಿಂತ, ಸೇವೆ ಮಾಡಿದವನಿಗೆ ಮತ ಎಂಬುದು ಕಿವಿಗೆ ಹಿತವಾಗಿಯೇ ಕೇಳುತ್ತದೆ.

'ಇದಕ್ಕೆ ಕಾದಂಬರಿ ಯಾಕೆ? ನಮ್ಮ ಬೆಳಗಾವಿಯಲ್ಲೇ ಇದನ್ನು ಒಮ್ಮೆ ಮಾಡಿ ನೋಡಿದ್ದಾರೆ' ಅಂದೆ. ಯಾರೂ ನಂಬಲಿಲ್ಲ. ಆ ಸಂಜೆ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡಲು ನೋಡುತ್ತೇನೆ.

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಬಗ್ಗೆ ನಮಗೆಲ್ಲ ಶಾಲೆಯಿಂದಲೇ ಒಂದಿಷ್ಟು ಗೊತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಸ್ವಾಗತದ ಹೊಣೆ ಹೊತ್ತವರು ಗಂಗಾಧರರಾವ್ ದೇಶಪಾಂಡೆ. ಅಧಿವೇಶನದ ನಗರಕ್ಕೆ ವಿಜಯನಗರ ಎಂದು ಹೆಸರಿಟ್ಟರು, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಎಂದರು. ಆ ಬಾವಿ ಈಗಲೂ ಟಿಳಕವಾಡಿಯಲ್ಲಿದೆ. ನಾ. ಸು. ಹರ್ಡೀಕರರ ಸೇವಾದಳದ ಹುಡುಗರು ಓಡಾಡಿ ದುಡಿದರು. ವೀಣೆ ಶೇಷಣ್ಣನವರ ಕಛೇರಿ ನಡೆಯಿತು. ಅದೇ ಚಪ್ಪರದ ನೆರಳಿನಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತೂ ಸೇರಿತು. ನಮ್ಮ ಪಠ್ಯಪುಸ್ತಕಗಳು ಇಷ್ಟಕ್ಕೆ ನಿಲ್ಲುತ್ತವೆ. ಆ ಅಧಿವೇಶನ ಅಂಗೀಕರಿಸಿದ ಒಂದು ನಿಯಮವನ್ನು ಮಾತ್ರ ಯಾವ ಸ್ಮರಣ ಸಂಚಿಕೆಯೂ ಗಂಭೀರವಾಗಿ ಎತ್ತಿಕೊಂಡದ್ದನ್ನು ನಾನು ನೋಡಿಲ್ಲ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದರೆ, ಅಂದರೆ ಕಾಂಗ್ರೆಸ್ಸಿನೊಳಗೆ ಮತ ಹಾಕುವ ಹಕ್ಕು ಬೇಕಾದರೆ, ಇನ್ನು ಮೇಲೆ ನಾಲ್ಕಾಣೆ ಚಂದಾ ಸಾಲದು. ವರ್ಷಕ್ಕೆ 24,000 ಗಜ, ತಿಂಗಳಿಗೆ 2000 ಗಜದಂತೆ, ಕೈಯಿಂದ ನೂತ ನೂಲನ್ನು ಕೊಡಬೇಕು. ರಾಜಕೀಯ ಸಭೆಗಳಿಗೆ, ಕಾಂಗ್ರೆಸ್ಸಿನ ಕೆಲಸಗಳಿಗೆ ಬರುವಾಗ ಖಾದಿ ತೊಡಬೇಕು.

ಇದು ಎಲ್ಲಿಂದ ಬಂತು ಎಂದು ತಿಳಿಯಲು ಆ ಕಾಲದಲ್ಲಿ ಮತ ಯಾರಿಗಿತ್ತು ಎಂಬುದನ್ನು ನೋಡಬೇಕು. 1919ರ ಕಾಯ್ದೆಯ ಪ್ರಕಾರ ಬ್ರಿಟಿಷ್ ಭಾರತದಲ್ಲಿ ಮತದ ಬಾಗಿಲಿಗಿದ್ದ ಕೀಲಿಕೈ ಆಸ್ತಿ: ಇಷ್ಟು ಕಂದಾಯ ಕಟ್ಟುವವನು, ಇಷ್ಟು ಬಾಡಿಗೆಯ ಮನೆಯಲ್ಲಿರುವವನು, ಆದಾಯ ತೆರಿಗೆ ಕೊಡುವವನು. ಮೈಸೂರಿನಲ್ಲೂ ಅಷ್ಟೆ. 1881ರಲ್ಲಿ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಅಲ್ಲಿ ಕೂತವರು ಜಮೀನುದಾರರು, ವರ್ತಕರು. ಆದರೆ 1919ರ ನಿಯಮಗಳಲ್ಲಿ ಆಸ್ತಿಯನ್ನು ಕೇಳದ ಒಂದು ಸಣ್ಣ ಕಿಂಡಿಯೂ ಇತ್ತು. ಸೈನ್ಯದಿಂದ ನಿವೃತ್ತನಾದ ಸಿಪಾಯಿಗೆ, ಆಸ್ತಿ ಇರಲಿ ಬಿಡಲಿ, ಮತ ಸಿಗುತ್ತಿತ್ತು. ಸಾಮ್ರಾಜ್ಯಕ್ಕಾಗಿ ಬಂದೂಕು ಹಿಡಿದದ್ದಕ್ಕೆ ಅದು ಸಂಭಾವನೆ. ಬ್ರಿಟನ್ನಿನಲ್ಲಿಯೂ 1918ರಲ್ಲಿ ಹೀಗೇ ಆಯಿತು. ಯುದ್ಧಕ್ಕೆ ಹೋದ ಹುಡುಗ 19ಕ್ಕೇ ಮತದಾರನಾದ. ಮನಸ್ಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲಾರೆ ಎಂದವನು ಐದು ವರ್ಷದ ಮಟ್ಟಿಗೆ ಮತ ಕಳೆದುಕೊಂಡ. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಹುಡುಗಿಯರಲ್ಲಿ ಬಹುಪಾಲಿನವರಿಗೆ ಏನೂ ಸಿಗಲಿಲ್ಲ, ಯಾಕೆಂದರೆ ಹೆಂಗಸರಿಗೆ ಮತ ಬೇಕಾದರೆ 30 ತುಂಬಿರಬೇಕಿತ್ತು. ಸೇವೆಗೆ ಮತ ಎನ್ನುವಾಗ ಯಾವುದನ್ನು ಸೇವೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಪ್ರಶ್ನೆ ಅಲ್ಲೇ ಎದ್ದಿತ್ತು.

ಗಾಂಧೀಜಿಯ ಯೋಚನೆಯ ದಿಕ್ಕು ಬೇರೆ. ಬಂದೂಕಿನ ಜಾಗದಲ್ಲಿ ಅವರು ರಾಟೆಯನ್ನು ಇಟ್ಟರು. ಮೈ ಬಗ್ಗಿಸಿ ದುಡಿಯದವನಿಗೆ ಉಣ್ಣುವ ಹಕ್ಕಿಲ್ಲ ಎಂಬ ವಿಚಾರ ಅವರಿಗೆ ರಸ್ಕಿನ್ನನಿಂದ, ಟಾಲ್‌ಸ್ಟಾಯ್‌ನಿಂದ, ಟಾಲ್‌ಸ್ಟಾಯ್ ಮೆಚ್ಚಿಕೊಂಡಿದ್ದ ಬೊಂಡರೆಫ್ ಎಂಬ ರಷ್ಯದ ರೈತ ಬರಹಗಾರನಿಂದ ಬಂದಿತ್ತು. ಅದನ್ನು ಅವರು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಬೆಳಗಾವಿಯ ಅಧಿವೇಶನ ಮುಗಿದು ತಿಂಗಳು ಕಳೆದ ಮೇಲೆ, 1925ರ ಜನವರಿ 29ರ 'ಯಂಗ್ ಇಂಡಿಯಾ'ದಲ್ಲಿ ಸ್ವರಾಜ್ಯ ಎಂದರೇನು ಎಂದು ವಿವರಿಸಿದರು. ಅವರ ಮಾತಿನ ಸಾರ ಇದು: ಗಂಡಾಗಲಿ ಹೆಣ್ಣಾಗಲಿ, ವಯಸ್ಸಿಗೆ ಬಂದ ಜನರಲ್ಲಿ ಅತಿ ಹೆಚ್ಚಿನವರ ಒಪ್ಪಿಗೆಯಿಂದ ನಡೆಯುವ ಆಡಳಿತವೇ ಸ್ವರಾಜ್ಯ. ಆದರೆ ಆ ಜನ ಮೈದುಡಿಮೆಯಿಂದ ರಾಜ್ಯಕ್ಕೆ ಏನಾದರೂ ಸಲ್ಲಿಸಿದವರಾಗಿರಬೇಕು, ಮತ್ತು ತಾವಾಗಿ ಹೋಗಿ ತಮ್ಮ ಹೆಸರನ್ನು ಮತದಾರರಾಗಿ ಬರೆಸುವ ಶ್ರಮ ತೆಗೆದುಕೊಂಡವರಾಗಿರಬೇಕು. ಅಂದರೆ ಅದು ಪಕ್ಷದ ಚಂದಾ ನಿಯಮದ ಮಾತಷ್ಟೇ ಆಗಿರಲಿಲ್ಲ. ಮುಂದೆ ಬರುವ ಇಡೀ ದೇಶಕ್ಕೆ ಅವರು ಅಳತೆ ತೆಗೆಯುತ್ತಿದ್ದರು.

ಇದರ ಔದಾರ್ಯವನ್ನು ಮೊದಲು ಒಪ್ಪಿಕೊಳ್ಳಬೇಕು. ಆಗ ಜಾರಿಯಲ್ಲಿದ್ದ ಆಸ್ತಿಯ ಬಾಗಿಲಿನ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಎಷ್ಟು ಅಗಲವಾದ ಬಾಗಿಲು! ಗುಂಟೆ ಜಮೀನಿಲ್ಲದ ವಿಧವೆ ಹಂಜಿ ಹಿಡಿದು ಕೂತರೆ ಸದಸ್ಯಳಾಗಬಹುದು. ನೂರು ಎಕರೆಯ ದೇಸಾಯಿ ನೂಲದಿದ್ದರೆ ಆಗುವಂತಿಲ್ಲ. ಅಕ್ಷರ ಬಾರದಿದ್ದರೂ ಆಗುತ್ತದೆ, ಇಂಗ್ಲಿಷ್ ಬಾರದಿದ್ದರೂ ಆಗುತ್ತದೆ. ವಕೀಲರ ಭಾಷಣಸಭೆಯಾಗಿದ್ದ ಸಂಸ್ಥೆಗೆ ಇದಕ್ಕಿಂತ ದೊಡ್ಡ ಏಟು ಯಾರೂ ಕೊಟ್ಟಿರಲಿಲ್ಲ.

ಏಟು ತಿಂದವರು ಸುಮ್ಮನಿರಲಿಲ್ಲ. 1924ರ ಫೆಬ್ರುವರಿಯಲ್ಲಿ ಗಾಂಧೀಜಿ ಜೈಲಿನಿಂದ ಬಿಡುಗಡೆಯಾಗಿ ಬಂದಾಗ ಕಾಂಗ್ರೆಸ್ಸು ಎರಡು ಹೋಳಾಗಿತ್ತು. ಚಿತ್ತರಂಜನ ದಾಸ್ ಮತ್ತು ಮೋತಿಲಾಲ್ ನೆಹರೂ ಸ್ವರಾಜ್ಯ ಪಕ್ಷ ಕಟ್ಟಿ ಶಾಸನಸಭೆಗಳೊಳಗೆ ಹೊಕ್ಕಿದ್ದರು. ಆ ಜೂನ್ ಕೊನೆಯಲ್ಲಿ ಅಹಮದಾಬಾದಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಮುಂದೆ ಗಾಂಧೀಜಿ ಒಂದು ಠರಾವು ಇಟ್ಟರು: ಚುನಾಯಿತ ಪದಾಧಿಕಾರಿಗಳೆಲ್ಲ ದಿನಕ್ಕೆ ಅರ್ಧ ಗಂಟೆ ನೂಲಬೇಕು, ತಿಂಗಳಿಗೆ 2000 ಗಜ ಕಳಿಸಬೇಕು, ತಪ್ಪಿದರೆ ಸ್ಥಾನ ಖಾಲಿಯಾದಂತೆ. ದಾಸ್ ಮತ್ತು ಮೋತಿಲಾಲ್ ತಮ್ಮವರನ್ನು ಕರೆದುಕೊಂಡು ಹೊರನಡೆದರು. ಠರಾವು ಪಾಸಾಯಿತು. ಆದರೆ ಹೊರಗೆ ಹೋದವರು ಒಳಗಿದ್ದಿದ್ದರೆ ಆಗುತ್ತಿರಲಿಲ್ಲ ಎಂದು ಲೆಕ್ಕ ಹಾಕಿದ ಗಾಂಧೀಜಿ ದಂಡದ ಕಲಮನ್ನು ತಾವೇ ಹಿಂತೆಗೆದುಕೊಂಡರು. ಸೋತು ತಗ್ಗಿದೆ ಎಂಬ ಅರ್ಥದ ತಲೆಬರಹ ಕೊಟ್ಟು ಆ ಬಗ್ಗೆ ಬರೆದರು ಕೂಡ. ಗೆದ್ದ ಮತವನ್ನು ಸೋಲು ಎಂದು ಎಣಿಸಿದ ರಾಜಕಾರಣಿಯನ್ನು ನಾನು ಬೇರೆಲ್ಲೂ ಓದಿಲ್ಲ.

ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮೂವರ ನಡುವೆ ಒಪ್ಪಂದವಾಯಿತು. ಅಸಹಕಾರವನ್ನು ಸದ್ಯಕ್ಕೆ ನಿಲ್ಲಿಸುವುದು, ಶಾಸನಸಭೆಯ ಕೆಲಸವನ್ನು ಸ್ವರಾಜ್ಯ ಪಕ್ಷ ಕಾಂಗ್ರೆಸ್ಸಿನ ಪರವಾಗಿಯೇ ನಡೆಸುವುದು. ಅದಕ್ಕೆ ಪ್ರತಿಯಾಗಿ ಸದಸ್ಯತ್ವಕ್ಕೆ ನೂಲಿನ ನಿಯಮ. ಈ ಕೊಡುಕೊಳ್ಳುವಿಕೆಯಲ್ಲಿ ಒಂದು ವಾಕ್ಯ ನುಸುಳಿತು. ಸದಸ್ಯನಿಗೆ ಕಾಯಿಲೆಯಿದ್ದರೆ, ಅಥವಾ ನೂಲಲು ಇಷ್ಟವಿಲ್ಲದಿದ್ದರೆ, ಬೇರೆಯವರು ನೂತ ಅಷ್ಟೇ ನೂಲನ್ನು ಕೊಡಬಹುದು. ಬೆಳಗಾವಿಯಲ್ಲಿ ಅಂಗೀಕಾರವಾದದ್ದು ಈ ವಾಕ್ಯ ಸೇರಿದ ನಿಯಮವೇ.

'ಇಷ್ಟವಿಲ್ಲದಿದ್ದರೆ.' ಆ ಒಂದು ಪದದ ಮೇಲೆ ನನ್ನ ಗಮನ ಎಷ್ಟೋ ಸಲ ಹೋಗಿ ನಿಂತಿದೆ.

2000 ಗಜ ಎಂದರೆ ಎಷ್ಟು? ಓದುವವರಿಗೆ ಸಂಖ್ಯೆಯಷ್ಟೇ ಕಾಣುತ್ತದೆ. ಒಂದು ಲಡಿಗೆ 840 ಗಜ; ಒಂದು ಪೌಂಡಿಗೆ ಎಷ್ಟು ಲಡಿ ಬರುತ್ತದೋ ಅದು ಆ ನೂಲಿನ ನಂಬರು. 10 ನಂಬರಿನ ದಪ್ಪ ನೂಲಾದರೆ 2000 ಗಜ ಸುಮಾರು 108 ಗ್ರಾಂ ತೂಗುತ್ತದೆ, ಅಂಗೈ ಮೇಲೆ ಹಿಡಿಯಬಹುದು. ವರ್ಷದ 24,000 ಗಜವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದರೆ ಹೆಚ್ಚುಕಡಿಮೆ 22 ಕಿಲೋಮೀಟರು. ದಿನಕ್ಕೆ ಅರ್ಧ ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 15 ಗಂಟೆ; ಗಂಟೆಗೆ 133 ಗಜ ಬಂದರೆ ಸಾಕು. ಕೈ ಪಳಗಿದವರಿಗೆ ಅದು ನೀರು ಕುಡಿದಷ್ಟು ಸುಲಭ.

ಕಾಗದದ ಲೆಕ್ಕ ನಂಬಬಾರದೆಂದು ಕಳೆದ ವರ್ಷ ಉತ್ತರ ಕರ್ನಾಟಕದ ಒಂದು ಖಾದಿ ಕೇಂದ್ರಕ್ಕೆ ಹೋದೆ. ಅಲ್ಲಿ ವಯಸ್ಸಾದ ಒಬ್ಬ ಹೆಂಗಸು ಹಳೆಯ ಪೆಟ್ಟಿಗೆ ಚರಕವೊಂದನ್ನು ಬಿಚ್ಚಿ ನನ್ನ ಮುಂದಿಟ್ಟರು. (ಈ ಪೆಟ್ಟಿಗೆ ಚರಕ ಆಮೇಲಿನದು. 1924ರಲ್ಲಿ ದೊಡ್ಡ ಗಾಲಿಯ ರಾಟೆ, ಇಲ್ಲವೇ ತಕಲಿ.) ಬಲಗೈ ಗಾಲಿ ತಿರುಗಿಸಬೇಕು, ಎಡಗೈ ಹಂಜಿಯನ್ನು ಹಿಂದಕ್ಕೆ ಎಳೆಯಬೇಕು. ಎರಡೂ ಕೈ ಒಂದೇ ಲಯಕ್ಕೆ ಬರದಿದ್ದರೆ ಎಳೆ ಕದಿರಿನ ಹತ್ತಿರವೇ ಕಡಿಯುತ್ತದೆ. ಕಡಿಯಿತು, ಸೇರಿಸಿದೆ, ಮತ್ತೆ ಕಡಿಯಿತು. ಒಂದು ಗಂಟೆ ಆದ ಮೇಲೆ ಅವರು ನನ್ನ ನೂಲನ್ನು ಸುತ್ತಿ ಅಳೆದರು. 40 ಗಜವೂ ದಾಟಿರಲಿಲ್ಲ. ಆ ವೇಗದಲ್ಲಿ ನನಗೆ ಒಂದು ತಿಂಗಳ ಮತ ಬೇಕಾದರೆ 50 ಗಂಟೆಗಿಂತ ಹೆಚ್ಚು ಕೂರಬೇಕಿತ್ತು. ಅವರಿಗೆ ಬೆಳಗಾವಿಯ ನಿಯಮದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, ಕೇಳಿದರು: 'ಹಂಗಾದ್ರ ನನಗ ಎಷ್ಟ್ ಓಟ್ ಬರಬೇಕಾಗಿತ್ತು, ತಮ್ಮಾ?'

ಹದಿನಾರನೇ ವಯಸ್ಸಿನಿಂದ ಅವರು ಕೂಲಿಗೆ ನೂತವರು. ಅವರ ಪ್ರಶ್ನೆಗೆ 1924ರ ನಿಯಮದಲ್ಲಿ ಉತ್ತರವಿದೆ, ಅದು 'ಒಂದೂ ಇಲ್ಲ' ಎಂಬುದು. ನೂಲನ್ನು ಯಾರು ಸಲ್ಲಿಸುತ್ತಾರೋ ಅವರು ಸದಸ್ಯರು. ಕೂಲಿಗೆ ನೂತ ಹೆಂಗಸು ತನ್ನ ನೂಲನ್ನು ಮಾರಿದ ಕ್ಷಣ ಆ 2000 ಗಜದೊಳಗಿನ ಮತವೂ ಕೊಂಡವನ ಜೇಬಿಗೆ ಹೋಯಿತು. ಇಷ್ಟವಿಲ್ಲದ ವಕೀಲ ಪೇಟೆಗೆ ಆಳು ಕಳಿಸಿ ನೂಲು ತರಿಸಿದ, ಕಾಂಗ್ರೆಸ್ ಕಚೇರಿಗೆ ಕೊಟ್ಟ, ರಸೀದಿ ಪಡೆದ. ನಾಲ್ಕಾಣೆಯ ಚಂದಾ ಈಗ ನೂಲಿನ ವೇಷ ಹಾಕಿಕೊಂಡು ಬಂತು, ಅದೂ ಬೆಲೆ ಏರಿಸಿಕೊಂಡು. ತನ್ನ ಪಾಲಿನ ನೂಲನ್ನು ಸಲ್ಲಿಸಿ ಸದಸ್ಯಳಾಗಲು ಆ ಹೆಂಗಸಿಗೆ ಯಾರೂ ಅಡ್ಡಿ ಮಾಡುತ್ತಿರಲಿಲ್ಲ, ನಿಜ. ಆದರೆ ತಿಂಗಳಿಗೆ 15 ಗಂಟೆಯ ಕೂಲಿಯನ್ನು ಬಿಟ್ಟುಕೊಡುವುದು ವಕೀಲನಿಗೆ ಹವ್ಯಾಸ, ಅವಳಿಗೆ ಹೊಟ್ಟೆಯ ಮಾತು. ಸೇವೆ ಎಂದು ಕರೆಸಿಕೊಳ್ಳಬೇಕಾದರೆ ಮೊದಲು ಸಂಬಳವಿಲ್ಲದೆ ಬದುಕಲು ಸಾಧ್ಯವಿರಬೇಕು. ಮೈದುಡಿಮೆಯನ್ನು ಗೌರವಿಸಲೆಂದೇ ಕಟ್ಟಿದ ನಿಯಮ, ದಿನವಿಡೀ ಮೈದುಡಿಮೆಯಲ್ಲೇ ಇದ್ದವಳನ್ನು ಎಣಿಸದೆ, ಅರ್ಧ ಗಂಟೆ ಬಿಡುವು ಮಾಡಿಕೊಂಡವನನ್ನು ಎಣಿಸಿತು.

ಗಾಂಧೀಜಿಯ ಉದ್ದೇಶವನ್ನು ಅನುಮಾನಿಸಿ ಇದನ್ನು ಹೇಳುತ್ತಿಲ್ಲ. ಕೊಂಡ ನೂಲು ಅವರಿಗೂ ಇಷ್ಟವಿರಲಿಲ್ಲ. ಅವರು ಕೇಳಿದ್ದು ಸ್ವತಃ ನೂತ ನೂಲನ್ನು, ಒಪ್ಪಿಕೊಂಡದ್ದು ರಾಜಿಯನ್ನು. ಆದರೆ ಆ ರಾಜಿ ಇಲ್ಲದಿದ್ದರೂ ತೊಡಕು ತಪ್ಪುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಈ ನೂಲನ್ನು ಇವನೇ ನೂತನೋ, ಹೆಂಡತಿ ನೂತಳೋ ಎಂದು ಯಾರು ನೋಡಿದರು? ದಾರದ ಮೇಲೆ ಕೈಯ ಹೆಸರು ಬರೆದಿರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಇದೆ. ಪದವಿಯಲ್ಲಿದ್ದಾಗ ನಾನು ಎನ್ನೆಸ್ಸೆಸ್ ಸ್ವಯಂಸೇವಕ. ಗಾಂಧಿ ಜನ್ಮಶತಮಾನೋತ್ಸವದ ವರ್ಷ 1969ರಲ್ಲಿ ಶುರುವಾದ ಯೋಜನೆ ಅದು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮುಗಿಸಿದರೆ ಪ್ರಮಾಣಪತ್ರ. ಮುಂದೆ ಸೀಟು ಸಿಗುವಾಗ ಅದಕ್ಕೆ ಬೆಲೆಯಿದೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದರು. ಹಾಗಾಗಿ ಗಂಟೆ ಎಣಿಸುವುದನ್ನು ಕಲಿತೆವು. ಶನಿವಾರ ಕಾಲೇಜಿನ ಅಂಗಳದಲ್ಲಿ ಮುಕ್ಕಾಲು ಗಂಟೆ ಪೊರಕೆ ಹಿಡಿದು ಡೈರಿಯಲ್ಲಿ ನಾಲ್ಕು ಗಂಟೆ ಎಂದು ಬರೆದೆವು. ಸಹಿ ಹಾಕಬೇಕಾದವರಿಗೂ ಸಂಖ್ಯೆ ತುಂಬಬೇಕಿತ್ತು, ಹಾಕಿದರು. ಅದೇ ಅಂಗಳವನ್ನು ದಿನವೂ ಬೆಳಿಗ್ಗೆ ಆರಕ್ಕೆ ಗುಡಿಸುತ್ತಿದ್ದ ಹೆಂಗಸೊಬ್ಬರಿದ್ದರು. ನಮ್ಮ ಶ್ರಮದಾನದ ಫೋಟೋ ತೆಗೆಯುವಾಗ ಅವರು ಚೌಕಟ್ಟಿನೊಳಗೆ ಬರದಂತೆ ಪಕ್ಕಕ್ಕೆ ಸರಿದು ನಿಂತಿದ್ದು ನೆನಪಿದೆ. ನಾವು ಯಾರೂ ಅವರನ್ನು ಕರೆಯಲಿಲ್ಲ. ಆ ಪ್ರಮಾಣಪತ್ರ ಈಗಲೂ ನನ್ನ ಫೈಲಿನಲ್ಲಿದೆ. ಅದಕ್ಕೆ ಪ್ರತಿಯಾಗಿ ಸಿಗುವುದು ಮತದಂಥ ದೊಡ್ಡ ಹಕ್ಕೇ ಆಗಿದ್ದರೆ ನಾವು ಇನ್ನೆಷ್ಟು ಗಂಟೆ ಬರೆದುಕೊಳ್ಳುತ್ತಿದ್ದೆವೋ.

ನೂಲಿನ ನಿಯಮಕ್ಕೆ ಬಂದ ಅತ್ಯಂತ ಹೆಸರಾದ ಟೀಕೆ ರವೀಂದ್ರನಾಥ ಠಾಕೂರರದು. 1925ರ ಸೆಪ್ಟೆಂಬರಿನ 'ಮಾಡರ್ನ್ ರಿವ್ಯೂ'ದಲ್ಲಿ ಅವರು ಚರಕದ ಆರಾಧನೆಯ ಮೇಲೆ ಲೇಖನ ಬರೆದರು. ಎಲ್ಲ ಮನಸ್ಸುಗಳಿಗೂ ಒಂದೇ ಯಾಂತ್ರಿಕ ಕೆಲಸವನ್ನು ವಿಧಿಸಿದರೆ ಮನಸ್ಸು ಜಡವಾಗುತ್ತದೆ ಎಂಬುದು ಅವರ ಚಿಂತೆ. ಗಾಂಧೀಜಿ ನವೆಂಬರಿನಲ್ಲಿ ಉತ್ತರಿಸಿ, ತಾನು ಯಾರ ಕಸುಬನ್ನೂ ಬಿಡಿಸುತ್ತಿಲ್ಲ, ದಿನದ ಅರ್ಧ ಗಂಟೆಯನ್ನಷ್ಟೇ ಕೇಳುತ್ತಿದ್ದೇನೆ ಎಂದರು. ಚೆಂದದ ವಾದ-ಪ್ರತಿವಾದ, ನಮ್ಮ ಎಂ.ಎ. ತರಗತಿಗಳಲ್ಲಿ ಅದಕ್ಕೊಂದು ಪ್ರಶ್ನೆಯೂ ಇರುತ್ತದೆ. ಆದರೆ ಅವರಿಬ್ಬರ ಜಗಳ ನೂಲುವವನ ಮನಸ್ಸಿನ ಮೇಲೆ ನಡೆಯಿತು. ನೂಲುವವಳ ಮತದ ಬಗ್ಗೆ ನನಗಿರುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ.

ಅದಕ್ಕೆ ಹತ್ತಿರದ ಮಾತು ನನಗೆ ಸಿಕ್ಕಿದ್ದು ಅಂಬೇಡ್ಕರರಲ್ಲಿ. ಅವರು ನೂಲಿನ ನಿಯಮಕ್ಕೆ ಉತ್ತರವಾಗಿ ಬರೆದದ್ದಲ್ಲ ಅದು. ಸೈಮನ್ ಆಯೋಗದ ಕೆಲಸಕ್ಕೆ ಸಂಬಂಧಿಸಿ 1929ರ ಮೇ ತಿಂಗಳಲ್ಲಿ ಸಲ್ಲಿಸಿದ ವರದಿಯಲ್ಲಿ ವಯಸ್ಕ ಮತಾಧಿಕಾರಕ್ಕಾಗಿ ವಾದಿಸುತ್ತ ಬರೆದದ್ದು. ಒಟ್ಟಿಗೆ ಬಾಳುವುದರ ಷರತ್ತುಗಳನ್ನು ಗೊತ್ತುಮಾಡುವ ಹಕ್ಕೇ ಮತ ಎನ್ನುವುದಾದರೆ, ಚೌಕಾಸಿ ಮಾಡುವ ಬಲ ಯಾರಿಗೆ ತೀರ ಕಡಿಮೆಯೋ, ಯಾರ ಮೇಲೆ ಬಲಾಢ್ಯರು ತಮಗೆ ಬೇಕಾದ ಷರತ್ತು ಹೇರಬಲ್ಲರೋ, ಅವರಿಗೇ ಅದು ಮೊದಲು ಸಿಗಬೇಕು ಎಂಬುದು ಅವರ ತರ್ಕ. ಈ ತರ್ಕದಲ್ಲಿ ಯೋಗ್ಯತೆಯ ಪ್ರಶ್ನೆಯೇ ಏಳುವುದಿಲ್ಲ. ಮತ ಬಹುಮಾನವಾಗಿದ್ದರೆ ತಾನೇ ಯಾರು ಗಳಿಸಿದರು ಎಂದು ಕೇಳುವುದು?

ಅವರಿಗೆ ಇದು ಪುಸ್ತಕದ ತರ್ಕವಾಗಿರಲಿಲ್ಲ. ಹಿಂದಿನ ವರ್ಷ, 1928ರ ಮಾರ್ಚ್ 19ರಂದು, ಮುಂಬಯಿ ಶಾಸನಸಭೆಯಲ್ಲಿ ಅವರು 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಂಡಿಸಿದ್ದರು. ಮಹಾರ್ ವತನದ ವಿಷಯ ಅದು. ತುಂಡು ಭೂಮಿ, ಅಷ್ಟಿಷ್ಟು ಕಾಳುಕಡಿಯ ನೆಪದಲ್ಲಿ ಒಂದು ಮನೆತನದವರೆಲ್ಲ ಹಗಲು ರಾತ್ರಿಯೆನ್ನದೆ ಊರಿನ ಮತ್ತು ಸರ್ಕಾರದ ಚಾಕರಿಗೆ ಸಿದ್ಧರಿರಬೇಕು. ಓಲೆ ಒಯ್ಯಬೇಕು, ಬಂದ ಅಧಿಕಾರಿಯ ಗಂಟು ಹೊರಬೇಕು, ಕರೆದಾಗ ಬರಬೇಕು. ಮುಂಬಯಿ ಪ್ರಾಂತ್ಯದ ಭಾಗವಾಗಿದ್ದ ಬೆಳಗಾವಿಗೂ ಆ ಕಾಯ್ದೆಯೇ ಅನ್ವಯಿಸುತ್ತಿತ್ತು. ವಿಜಯನಗರದ ಚಪ್ಪರದಲ್ಲಿ ದುಡಿಮೆಯ ಮಹತ್ವದ ಮೇಲೆ ಭಾಷಣ ನಡೆದ ದಿನಗಳಲ್ಲೂ ಆ ಪ್ರಾಂತ್ಯದ ಊರುಗಳಲ್ಲಿ ತಲೆಮಾರುಗಳಿಂದ ಬಿಟ್ಟಿ ಚಾಕರಿ ಮಾಡಿದವರು ಇದ್ದರು. ಸೇವೆಯಿಂದ ಮತ ಗಳಿಸಬಹುದು ಎನ್ನುವುದಾದರೆ ಈ ದೇಶದಲ್ಲಿ ಅವರ ಖಾತೆಯಲ್ಲಿ ಎಷ್ಟು ಮತ ಜಮೆಯಾಗಿರಬೇಕಿತ್ತು? ಆದರೆ ಅವರ ದುಡಿಮೆಯನ್ನು ಯಾರೂ ಸೇವೆ ಎಂದು ಕರೆಯಲಿಲ್ಲ, ಅದು ಅವರ ಜಾತಿಯ ಕೆಲಸ ಎಂದರು. ಮೇಲಿನವನು ಇಳಿದು ಬಂದು ಮಾಡಿದರೆ ಸೇವೆ. ಕೆಳಗಿನವನು ಅಲ್ಲೇ ಇದ್ದು ಮಾಡಿದರೆ ಚಾಕರಿ. ಹಾಸ್ಟೆಲಿನ ಗೆಳೆಯನಿಗೆ ಅಂದು ನಾನು ಹೇಳಬೇಕೆಂದಿದ್ದು, ಬಾಯಿಗೆ ಬಾರದೆ ಉಳಿದದ್ದು, ಇದು.

ಬೆಳಗಾವಿಯ ನಿಯಮ ಒಂದು ವರ್ಷವೂ ಬಾಳಲಿಲ್ಲ. ಸದಸ್ಯರ ಸಂಖ್ಯೆ ಕುಸಿಯಿತು. 1925ರ ಜೂನ್‌ನಲ್ಲಿ ದಾಸ್ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಪಟ್ನಾದಲ್ಲಿ ಸೇರಿದ ಸಮಿತಿ ನಾಲ್ಕಾಣೆಯನ್ನು ಮರಳಿ ತಂದಿತು: ನಾಲ್ಕಾಣೆ ಕೊಡಿ, ಇಲ್ಲವೇ ವರ್ಷಕ್ಕೆ 2000 ಗಜ ಸ್ವಂತ ನೂಲು ಕೊಡಿ. 24,000 ಹೋಗಿ 2000 ಆಯಿತು, ಅದೂ ಬೇಕಾದವರಿಗೆ. ನೂಲುವ ಕೆಲಸಕ್ಕೆಂದೇ ಅಖಿಲ ಭಾರತ ಚರಕ ಸಂಘ ಬೇರೆಯಾಗಿ ಹುಟ್ಟಿತು. ಗಾಂಧೀಜಿ ಮಾತ್ರ ವಿಚಾರವನ್ನು ಬಿಡಲಿಲ್ಲ. 1934ರ ಮುಂಬಯಿ ಅಧಿವೇಶನದ ಹೊತ್ತಿಗೆ ಅದು ಕಾಂಗ್ರೆಸ್ ಸಂವಿಧಾನದಲ್ಲಿ ಇನ್ನೊಂದು ರೂಪದಲ್ಲಿ ಬಂತು. ಆಗ ಮತ ಹಾಕುವವನನ್ನು ಬಿಟ್ಟು, ಚುನಾವಣೆಗೆ ನಿಲ್ಲುವವನ ಮೇಲೆ ದುಡಿಮೆಯ ಷರತ್ತು ಹಾಕಿದರು. ನನಗೆ ಇದು ಮೊದಲಿನದಕ್ಕಿಂತ ಒಳ್ಳೆಯದು ಅನ್ನಿಸುತ್ತದೆ. ಆಳಲು ಬರುವವನ ಕೈ ನೋಡುವುದು ಬೇರೆ, ಆಳಿಸಿಕೊಳ್ಳುವವನ ಕೈ ನೋಡುವುದು ಬೇರೆ. ಮರುವರ್ಷ, 1935ರಲ್ಲಿ, ಅವರು ಚರಕ ಸಂಘದೊಳಗೆ ಇನ್ನೊಂದು ಜಗಳ ತೆಗೆದರು: ನೂಲುವ ಹೆಂಗಸರಿಗೆ ಹೊಟ್ಟೆಗಾಗುವಷ್ಟು ಕನಿಷ್ಠ ಕೂಲಿ ಕೊಡಲೇಬೇಕು, ಖಾದಿಯ ಬೆಲೆ ಏರಿದರೆ ಏರಲಿ. ಮಾರಾಟ ಬೀಳುತ್ತದೆ ಎಂಬ ಹೆದರಿಕೆ ಎದ್ದರೂ ಅವರು ಬಗ್ಗಲಿಲ್ಲ. ಹತ್ತು ವರ್ಷ ಸುತ್ತು ಹೊಡೆದು ಅವರು ಆ ಹೆಂಗಸಿನ ಹತ್ತಿರಕ್ಕೇ ಬಂದಿದ್ದರು. ಈ ಸಲ ಅವಳಿಂದ ಏನು ಬೇಕು ಎಂದು ಕೇಳದೆ, ಅವಳಿಗೆ ಏನು ಸಲ್ಲಬೇಕು ಎಂದು ಕೇಳುತ್ತ.

1928ರ ಮೋತಿಲಾಲ್ ನೆಹರೂ ವರದಿ, 1931ರ ಕರಾಚಿ ಠರಾವು, ಎರಡೂ ವಯಸ್ಕ ಮತಾಧಿಕಾರವನ್ನು ಯಾವ ಷರತ್ತಿಲ್ಲದೆ ಕೇಳಿದವು. ಕೊನೆಗೆ ಸಂವಿಧಾನದ 326ನೇ ವಿಧಿಯಾಗಿ ಅದು ನಿಂತಿತು. ಆಸ್ತಿಯಿಲ್ಲ, ಅಕ್ಷರವಿಲ್ಲ, ಸೇವೆಯಿಲ್ಲ. 21 ತುಂಬಿದ ನಾಗರಿಕ, ಅಷ್ಟೆ. (18 ಆದದ್ದು ಬಹಳ ಆಮೇಲೆ.) ಆದರೆ ಬರೆದ ವಿಧಿಯಷ್ಟೇ ಮುಖ್ಯವಾದದ್ದು ಆ ಹೊತ್ತಿಗೆ ಆಗಲೇ ಆರಂಭವಾಗಿದ್ದ ಒಂದು ಕೆಲಸ. ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ, 1948ರಿಂದ, ಸಂವಿಧಾನ ಸಭೆಯ ಕಾರ್ಯಾಲಯ ದೇಶದ ಮತದಾರರ ಪಟ್ಟಿ ತಯಾರಿಸಲು ತೊಡಗಿತ್ತು. ಸಭೆಯ ಸಲಹೆಗಾರರಾಗಿ ಆ ಕಾರ್ಯಾಲಯದ ಬೆನ್ನಿಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಆಗಷ್ಟೇ ಗಡಿ ದಾಟಿ ಬಂದ ನಿರಾಶ್ರಿತರಿಗೆ ವಾಸದ ದಾಖಲೆ ಎಲ್ಲಿಂದ ಬರಬೇಕು? ಇಲ್ಲೇ ನೆಲಸುತ್ತೇನೆ ಎಂಬ ಘೋಷಣೆಯ ಮೇಲೆಯೇ ಅವರ ಹೆಸರು ಬರೆದುಕೊಳ್ಳಿ ಎಂದರು. ಹೊಸ ನೆಲಕ್ಕೆ ಇನ್ನೂ ಏನನ್ನೂ ಸಲ್ಲಿಸಿರದ ಜನ ಅವರು. ಗಾಂಧೀಜಿಯ 1925ರ ಮಾತಿನಲ್ಲಿ ಹೆಸರು ಬರೆಸುವ ಶ್ರಮ ಮತದಾರನದಾಗಿತ್ತು. ಇಲ್ಲಿ ಶ್ರಮ ಸರ್ಕಾರದ್ದಾಯಿತು. ಗುಮಾಸ್ತರು ಮನೆಮನೆಗೆ ನಡೆದರು.

ನಡೆದು ಹೋದಲ್ಲೆಲ್ಲ ಬಾಗಿಲು ತೆರೆಯಲಿಲ್ಲ. ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆದುಕೊಂಡು ಹೋಗಿ ಎಂದರು. ಗುಮಾಸ್ತರು ಹಾಗೆಯೇ ಬರೆದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಮತ ಗಂಡನದಲ್ಲ, ಅವಳದು. ಅವಳ ಹೆಸರೇ ಬೇಕು ಎಂದರು. ತಿದ್ದಿಕೊಳ್ಳಲು ಬಿಹಾರಕ್ಕೆ ಹೆಚ್ಚುವರಿಯಾಗಿ ಒಂದು ತಿಂಗಳ ಕಾಲವನ್ನೂ ಕೊಟ್ಟರು. ಆದರೂ 1951-52ರ ಚುನಾವಣೆಯ ಹೊತ್ತಿಗೆ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಉಳಿದ ಪಟ್ಟಿಯಲ್ಲಿ ಹದಿನೇಳು ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಬಿಟ್ಟುಹೋದ ಆ ಹೆಂಗಸರಿಗಾಗಿ ಮುಂದಿನ ಚುನಾವಣೆಗೆ ಮೊದಲು ಗುಮಾಸ್ತರು ಮತ್ತೆ ಅದೇ ಓಣಿಗಳಿಗೆ ಹೋಗಿ, ಅದೇ ಬಾಗಿಲು ತಟ್ಟಿ, ಅದೇ ಪ್ರಶ್ನೆ ಕೇಳಬೇಕಾಯಿತು: ನಿಮ್ಮ ಹೆಸರೇನಮ್ಮಾ?